ಎಣ್ಣೆಯೂ ಹಿಡಿತವೂ

ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬುದೊಂದೇ ಹೆಸರು. ಎರಡೂ ಉತ್ತಮವಾದಷ್ಟೂ, ಹೆಚ್ಚಾದಷ್ಟೂ ಒಳ್ಳೆಯದೆಂದು ಲೋಕದ ನಂಬಿಕೆ. ಹಳೆಯ ಬುಲೆಟ್ ಮೋಟಾರುಸೈಕಲ್ಲಿನ ಎಡಮಗ್ಗುಲಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರು ಮಾತ್ರ ಈ ನಂಬಿಕೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

1955ರಲ್ಲಿ ಇಂಗ್ಲೆಂಡಿನ ರೆಡಿಚ್ ಪಟ್ಟಣದ ಕಾರ್ಖಾನೆಯವರು ಮದರಾಸಿನವರೊಡನೆ ಕೂಡಿ ನಮ್ಮ ದೇಶದಲ್ಲಿ ಈ ವಾಹನದ ತಯಾರಿಕೆಗೆ ತೊಡಗಿದರು. ಎರಕದ ಕಬ್ಬಿಣದ ಸಿಲಿಂಡರುಳ್ಳ ಆ ಹಳೆಯ ಮಾದರಿಯಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರುಪೆಟ್ಟಿಗೆಗೆ ಇನ್ನೊಂದು, ಇವೆರಡರ ನಡುವೆ ಶಕ್ತಿಯನ್ನು ಸಾಗಿಸುವ ಪ್ರೈಮರಿ ಪೆಟ್ಟಿಗೆಗೆ ಮತ್ತೊಂದು. ಈ ಮೂರನೆಯದರ ಪ್ರಮಾಣ ಸುಮಾರು 420 ಮಿಲಿಲೀಟರು. ಅಷ್ಟರಲ್ಲಿಯೇ ಜೋಡಿಸಾಲಿನ ಸರಪಣಿಯೂ ಮೀಯಬೇಕು, ಕ್ಲಚ್ಚಿನ ತಟ್ಟೆಗಳೂ ಮೀಯಬೇಕು. ಸರಪಣಿಯು ‘ನನ್ನನ್ನು ಜಾರುವಂತೆ ಮಾಡು’ ಎಂದರೆ ತಟ್ಟೆಗಳು ‘ನಮ್ಮನ್ನು ಜಾರಗೊಡಬೇಡ’ ಎನ್ನುತ್ತವೆ. ಅತ್ತೆ ಸೊಸೆಯರಿಬ್ಬರಿಗೂ ಬೇಕಾದವನಾಗಿ ಬಾಳಬೇಕಾದ ಗೃಹಸ್ಥನ ಪಾಡು ಆ ಎಣ್ಣೆಯದು.

ಶಿವಮೊಗ್ಗ ಜಿಲ್ಲೆಯಲ್ಲಿ ಘಟ್ಟದ ಅಂಚಿನ ಒಂದು ಊರಿನಲ್ಲಿರುವ ಪಶುವೈದ್ಯರೊಬ್ಬರ ಬಳಿ 1978ರ ಬುಲೆಟ್ಟೊಂದುಂಟು. ಅದು ಅವರ ತಂದೆಯವರದು. ಒಂಟಿಮನೆಗಳ ಏರುದಾರಿಯಲ್ಲಿ, ರಾತ್ರಿ ಮಳೆಯಲ್ಲಿ, ಅವರನ್ನು ದನದ ಕೊಟ್ಟಿಗೆಗಳಿಗೆ ಮುಟ್ಟಿಸುತ್ತಿದ್ದುದು ಅದೇ. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗನು ತಾತನ ಗಾಡಿಗೆ ಸೇವೆ ಮಾಡಬೇಕೆಂಬ ಅಭಿಮಾನದಿಂದ, ತನ್ನ ಹೊಸ ಕಾರಿಗೆಂದು ಕೊಂಡಿದ್ದ ಬೆಲೆಯುಳ್ಳ ಎಣ್ಣೆಯನ್ನೇ ಆ ಪೆಟ್ಟಿಗೆಗೆ ತುಂಬಿದನು. ಕೆಲವು ದಿನಗಳ ತರುವಾಯ ಕಿಕ್ಕರನ್ನು ತುಳಿದಾಗ ಒಮ್ಮೊಮ್ಮೆ ಎಂಜಿನ್ನು ತಿರುಗದೆ ಕಾಲು ಸುಮ್ಮನೆ ಕೆಳಗಿಳಿಯತೊಡಗಿತು. ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ರಾತ್ರಿ ಹಸುವೊಂದು ಈಯಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂದಿತು. ಅರ್ಧ ಏರಿನಲ್ಲಿ ಎಂಜಿನ್ನು ಆರ್ಭಟಿಸಿತು, ಚಕ್ರ ಮಾತ್ರ ಮುಂದುವರಿಯಲಿಲ್ಲ. ಗಾಡಿಯನ್ನು ದಾರಿಯ ಬದಿಗೆ ಒರಗಿಸಿ, ಚೀಲವನ್ನು ಹೆಗಲಿಗೇರಿಸಿ ಅವರು ನಡೆದು ಹೋದರು. ಹಸು ಉಳಿಯಿತು, ಕರು ದಕ್ಕಲಿಲ್ಲ.

ಮಾರನೆಯ ದಿನವೇ ಗಾಡಿಯನ್ನು ಮಾರಿಬಿಡುವ ಮಾತು ಮನೆಯಲ್ಲಿ ಹುಟ್ಟಿತು. ಕೊಳ್ಳುವವರೂ ಸಿದ್ಧರಾದರು. ತಟ್ಟೆಗಳನ್ನೆಲ್ಲ ಹೊಸದಾಗಿ ಹಾಕಿಸದೆ ಗತಿಯಿಲ್ಲವೆಂದು ಪೇಟೆಯ ತರುಣ ಮೆಕ್ಯಾನಿಕ್ಕನು ನಿರ್ಣಯ ಹೇಳಿದ್ದನು. ತಂದೆಯವರ ಕಾಲದಿಂದಲೂ ಆ ಗಾಡಿಯನ್ನು ಬಲ್ಲ ಮುದಿ ಮೇಸ್ತ್ರಿ ಮಾತ್ರ, “ಡಾಕ್ಟ್ರೇ, ನೀವು ದನಕ್ಕೆ ಬಾಯಿ ನೋಡದೆ ಔಷಧ ಹಾಕ್ತೀರಾ?” ಎಂದು ಕೇಳಿದನು.

ಆ ಪ್ರಶ್ನೆಯಲ್ಲಿ ಆಯುರ್ವೇದದ ನಿದಾನಪಂಚಕವೆಲ್ಲ ಅಡಗಿದೆ. ಕಾರಣ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದನ್ನೂ ವಿಚಾರಿಸದೆ ರೋಗವನ್ನು ಹೆಸರಿಸತಕ್ಕದ್ದಲ್ಲ. ಕಿಕ್ಕರ್ ಜಾರಿದ್ದು ಪೂರ್ವರೂಪ. ಈ ಗಾಡಿಯಲ್ಲಿ ತುಳಿದ ಬಲವು ಕ್ಲಚ್ಚನ್ನು ಹಾದೇ ಎಂಜಿನ್ನಿಗೆ ತಲಪಬೇಕಾದ್ದರಿಂದ ಜಾರಿಕೆಯು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಇನ್ನು ರೂಪದಲ್ಲಿಯೂ ವಿವೇಕ ಬೇಕು. ಕ್ಲಚ್ಚಿನ ವ್ಯಾಧಿಗಳು ಮುಖ್ಯವಾಗಿ ಎರಡು: ಹಿಡಿಯಬೇಕಾದಾಗ ಜಾರುವುದೊಂದು, ಬಿಡಬೇಕಾದಾಗ ಅಂಟಿಕೊಳ್ಳುವುದಿನ್ನೊಂದು. ಎರಡನೆಯದಾದರೆ ಗೇರು ಬೀಳುವಾಗ ಕರಕರ ಸದ್ದಾಗುತ್ತದೆ, ನಿಂತಲ್ಲಿ ನ್ಯೂಟ್ರಲ್ ಸಿಕ್ಕುವುದಿಲ್ಲ. ವೈರು ಅತಿಯಾಗಿ ಸಡಿಲವಾಗಿರುವುದು, ಸ್ಪ್ರಿಂಗುಗಳ ಬಿಗಿತ ಒಂದೇ ಸಮನಿಲ್ಲದೆ ತಟ್ಟೆ ಓರೆಯಾಗಿ ಏಳುವುದು, ಗೇರುಪೆಟ್ಟಿಗೆಗೆ ಸಲ್ಲುವ ದಪ್ಪ ಎಣ್ಣೆಯನ್ನು ಇಲ್ಲಿಗೆ ಸುರಿದಿರುವುದು, ಇವೆಲ್ಲ ಅದರ ಕಾರಣಗಳು. ರಾತ್ರಿ ನಿಂತು ಅಂಟಿಕೊಂಡ ತಟ್ಟೆಗಳನ್ನು ಬೆಳಗ್ಗೆ ಕ್ಲಚ್ಚು ಹಿಡಿದು ನಾಲ್ಕು ಸಲ ಕಿಕ್ಕರ್ ತುಳಿದು ಬಿಡಿಸುವ ವಾಡಿಕೆ ಬುಲೆಟ್ಟಿನವರಿಗೆಲ್ಲ ಗೊತ್ತು. ಇಲ್ಲಿದ್ದದ್ದು ಮೊದಲನೆಯ ವ್ಯಾಧಿ.

ಮೇಸ್ತ್ರಿಯು ಖರ್ಚಿಲ್ಲದ ಪರೀಕ್ಷೆಯಿಂದ ತೊಡಗಿದನು. ಹಿಡಿಯ ಬುಡದಲ್ಲಿ ಎರಡು ಮೂರು ಮಿಲಿಮೀಟರಿನ ಸಡಿಲು ಇರಬೇಕು; ಇರಲಿಲ್ಲ. ವೈರನ್ನು ಸಡಿಲಿಸಿದ ಮೇಲೆ ಜಾರುವುದು ಕಡಮೆಯಾಯಿತು, ಆದರೆ ನಿಲ್ಲಲಿಲ್ಲ. ಇದಕ್ಕೆ ಉಪಶಯವೆಂದು ಹೆಸರು: ಔಷಧವನ್ನು ಕೊಟ್ಟೇ ರೋಗವನ್ನು ಅರಿಯುವುದು. ಆಮೇಲೆ ಒಂದೇ ದೊಡ್ಡ ನಟ್ಟಿನ ಮೇಲೆ ನಿಂತಿರುವ ಪೆಟ್ಟಿಗೆಯ ಮುಚ್ಚಳವನ್ನು ತೆಗೆದನು. ತಟ್ಟೆಗಳ ಘರ್ಷಣೆಯ ಹೊದಿಕೆ ಸವೆದಿರಲಿಲ್ಲ. ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿ, “ಇದು ಕಾರಿನದು” ಎಂದನು.

ಕಾರಿನ ಕ್ಲಚ್ಚು ಸಾಮಾನ್ಯವಾಗಿ ಒಣಗಿದ್ದೇ ಕೆಲಸ ಮಾಡತಕ್ಕದ್ದು. ಆದಕಾರಣ ಇಂಧನವನ್ನು ಉಳಿಸುವುದಕ್ಕಾಗಿ ಅನೇಕ ಕಾರಿನ ಎಣ್ಣೆಗಳಲ್ಲಿ ಘರ್ಷಣವನ್ನು ತಗ್ಗಿಸುವ ದ್ರವ್ಯಗಳನ್ನು ಕೂಡಿಸುವರು. ಎಂಜಿನ್ನಿಗೆ ಅಮೃತವಾದ ಅದು ಎಣ್ಣೆಯಲ್ಲಿ ಮುಳುಗಿದ ತಟ್ಟೆಗಳಿಗೆ ವಿಷ. ಬೆಲೆಯನ್ನು ಗುಣವೆಂದು ಭ್ರಮಿಸುವುದು ಈ ಕಾಲದ ಒಂದು ಜಾಡ್ಯ. ಮೋಟಾರುಸೈಕಲ್ಲಿನ ಎಣ್ಣೆಯ ಡಬ್ಬಿಯ ಮೇಲೆ ‘ಜಾಸೋ ಎಂ.ಎ.’ ಎಂಬ ಜಪಾನೀಯರ ಗುರುತಿದ್ದರೆ ಅದು ನೆನೆದ ಕ್ಲಚ್ಚಿಗೆ ತಕ್ಕದ್ದೆಂದು ತಿಳಿಯಬಹುದು, ‘ಎಂ.ಬಿ.’ ಎಂದಿದ್ದರೆ ಅದರಲ್ಲಿ ಘರ್ಷಣ ಕಡಮೆ, ಇಲ್ಲಿಗೆ ಬೇಡ. ಎಂ.ಎ. ಗುರುತಿನ 20ಡಬ್ಲ್ಯೂ-50 ಎಣ್ಣೆ ಸಾಕು. ಇನ್ನು ಕೆಲವರು ಸ್ವಯಂಚಾಲಿತ ಗೇರಿನ ಕಾರುಗಳ ಕೆಂಪು ದ್ರವವನ್ನು ಮೆಚ್ಚುವರು. ನೆನೆದ ತಟ್ಟೆಗಳ ನಡುವೆ ದುಡಿಯುವುದಕ್ಕೆಂದೇ ಅದು ಹುಟ್ಟಿರುವುದು. ತೆಳುವಾದ್ದರಿಂದ ಚಳಿಯಲ್ಲಿಯೂ ತಟ್ಟೆಗಳು ಅಂಟಿಕೊಳ್ಳವು.

ಮೇಸ್ತ್ರಿಯು ತಟ್ಟೆಗಳನ್ನು ತೊಳೆದು, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಸರಪಣಿಯ ಸಡಿಲನ್ನು ನೋಡಿ, ಕೆಂಪು ದ್ರವವನ್ನೇ ಮಟ್ಟದ ತಿರುಪಿನವರೆಗೆ ತುಂಬಿದನು. ಗಾಡಿ ಏರು ಹತ್ತಿತು. ಕೊಳ್ಳಬಂದವರು ಬರಿಗೈಯಲ್ಲಿ ಹಿಂದಿರುಗಿದರು.

ಕೆಂಪನ್ನೇ ಏಕೆ ಆರಿಸಿದನೆಂಬುದು ಒಂದು ತಿಂಗಳ ಮೇಲೆ ತಿಳಿಯಿತು. ಮಟ್ಟದ ತಿರುಪನ್ನು ಬಿಚ್ಚಿದೊಡನೆ ತುಂಬಿದ್ದಕ್ಕಿಂತ ಹೆಚ್ಚು ಎಣ್ಣೆ ಹೊರಕ್ಕೆ ಹರಿಯಿತು, ಬಣ್ಣ ಕಪ್ಪಾಗಿದ್ದಿತು. ಎಂಜಿನ್ನಿನ ದಂಡದ ಆಯಿಲ್ ಸೀಲು ಸವೆದು, ಅಲ್ಲಿನ ಎಣ್ಣೆ ಇಲ್ಲಿಗೆ ಜಿನುಗುತ್ತಿದ್ದಿತು. ಎರಡು ಕಡೆಯೂ ಒಂದೇ ಬಣ್ಣದ ಎಣ್ಣೆಯಿದ್ದಿದ್ದರೆ ಇದು ಇಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ. ಅಲ್ಪ ಬೆಲೆಯ ಹೊಸ ಸೀಲು ಬಿದ್ದಿತು. ಪೆಟ್ಟಿಗೆಗೆ ಮತ್ತೆ ಕೆಂಪು ದ್ರವ ತುಂಬಿತು. ಯುಗಾದಿಗೆ ಬಂದ ಮಗನ ಕೈಯಲ್ಲಿ, ಡಬ್ಬಿಯಲ್ಲಿ ಉಳಿದಿದ್ದ ಬೆಲೆಯುಳ್ಳ ಎಣ್ಣೆಯನ್ನು ಅವನ ಕಾರಿಗೇ ಆಗಲೆಂದು ವೈದ್ಯರು ಕೊಟ್ಟು ಕಳುಹಿಸಿದರು.