ಎಲ್ಲಮ್ಮನ ಗುಡ್ಡದ ಹೊಸ ಪೇಟೆ

ಸವದತ್ತಿಯ ಹೆಸರನ್ನು ಕೇಳದ ಮನೆಯು ನಮ್ಮ ಪ್ರಾಂತದಲ್ಲಿ ಇರಲಾರದು. ಎಲ್ಲಮ್ಮನ ಹರಕೆ ಇಲ್ಲದ ಮನೆಯಲ್ಲಿಯೂ ನೆರೆಯವರು ಗುಡ್ಡದಿಂದ ತಂದುಕೊಟ್ಟ ಭಂಡಾರವು ದೇವರ ಜಗಲಿಯ ಮೇಲೆ ಒಂದು ಚಿಟಿಕೆಯಷ್ಟಾದರೂ ಇದ್ದೇ ಇರುವದು. ಕಳೆದ ಭಾರತ ಹುಣ್ಣಿಮೆಯ ತರುವಾಯದ ಶುಕ್ರವಾರ ನಾವು ಕುಟುಂಬಸಹಿತರಾಗಿ ಅಲ್ಲಿಗೆ ಹೋಗಿ ಬಂದೆವು. ದೇವಿಯ ದರ್ಶನದ ವರ್ಣನೆಯನ್ನು ವಾಚಕರು ಅನೇಕ ಸಲ ಓದಿರುವರಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವದಿಲ್ಲ. ಅಲ್ಲಿ ಹೊಸದಾಗಿ ತಲೆಯೆತ್ತಿರುವ ಅಂಗಡಿ ಖಾನಾವಳಿಗಳ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರು. ಬಸ್ಸಿನಲ್ಲಿ ನಮ್ಮಂಥ ಗಂಡಸರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಹೆಂಗಸರು. 2023ನೆಯ ಇಸವಿಯ ಜೂನದಲ್ಲಿ ಸರಕಾರವು ಹೆಂಗಸರಿಗೆ ಬಸ್ಸಿನ ಪ್ರಯಾಣವನ್ನು ಉಚಿತ ಮಾಡಿದಂದಿನಿಂದ, ವರುಷಕ್ಕೊಮ್ಮೆ ಚಕ್ಕಡಿ ಹೂಡಿಕೊಂಡು ಬರುತ್ತಿದ್ದ ಮನೆಯ ಹೆಣ್ಣುಮಕ್ಕಳು ಮನಸ್ಸು ಬಂದಾಗ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂತಾಗಿದೆ. ಪೇಟೆಯು ಬೆಳೆದುದಕ್ಕೆ ಇದೂ ಒಂದು ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಚಕ್ಕಡಿಯವರು ಹಿಟ್ಟು, ಬೇಳೆ, ಬೆಲ್ಲ, ಕಟ್ಟಿಗೆಗಳನ್ನೆಲ್ಲ ಮನೆಯಿಂದಲೇ ತರುತ್ತಿದ್ದರು. ಬಸ್ಸಿನವರ ಕೈಯಲ್ಲಿ ಇರುವದು ಒಂದೇ ಚೀಲ.

ಊರು ಬಹಳ ಹಳೆಯದು. ಶಾಸನಗಳಲ್ಲಿ ಇದಕ್ಕೆ ಸುಗಂಧವರ್ತಿಯೆಂಬ ಅಂದವಾದ ಹೆಸರಿದೆ. ರಟ್ಟರ ಅರಸರು ಇಲ್ಲಿಂದ ನಾಡನ್ನು ಆಳಿ, 13ನೆಯ ಶತಮಾನದ ಆರಂಭದ ಹೊತ್ತಿಗೆ ರಾಜಧಾನಿಯನ್ನು ಬೆಳಗಾವಿಗೆ ಒಯ್ದರು. ಮುಂದೆ 18ನೆಯ ಶತಮಾನದಲ್ಲಿ ಜಾಯಪ್ಪ ದೇಸಾಯಿಯು ಕಟ್ಟಿಸಿದ ಕೋಟೆಯು ಊರೊಳಗೆ ಇಂದಿಗೂ ನಿಂತಿದೆ. ಅರಸರು ಹೋದರು, ದೇಸಗತಿ ಹೋಯಿತು. ಸಂತೆ ಮಾತ್ರ ಉಳಿಯಿತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟು 1972ರಲ್ಲಿ ಮುಗಿದ ಮೇಲೆ ಕಾಲುವೆಯ ನೀರು ಹರಿದ ಹೊಲಗಳವರ ಕೈಯಲ್ಲಿ ರೊಕ್ಕವೂ ಓಡಾಡಹತ್ತಿತು.

ಆದರೆ ಇಂದಿನ ನಿಜವಾದ ಪೇಟೆಯಿರುವದು ಊರಲ್ಲಲ್ಲ, ಊರಿನಿಂದ ಸುಮಾರು 5 ಕಿಲೋಮೀಟರು ದೂರದ ಗುಡ್ಡದ ಮೇಲೆ. ನಾವು ಹುಡುಗರಿದ್ದಾಗ ಜೋಗುಳಬಾವಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುವಾಗ ದಾರಿಯಲ್ಲಿ ಕಾಣುತ್ತಿದ್ದವು ಕೆಂಪು ಕಲ್ಲು, ಜಾಲಿಯ ಗಿಡ, ಅಲ್ಲೊಂದು ಇಲ್ಲೊಂದು ಚಹದ ಗುಡಿಸಲು ಇಷ್ಟೇ. ಈಗ ಹಾಗಲ್ಲ. ತಂಪು ಪಾನೀಯದ ಪೆಟ್ಟಿಗೆಗಳು, ಸ್ಟೀಲಿನ ಪಾತ್ರೆಗಳು, ದೇವಿಯ ಚಿತ್ರಗಳು, ಮಕ್ಕಳ ಆಟಿಗೆಗಳು, ಚುರುಮುರಿ ಬೆಂಡು ಬತ್ತಾಸಗಳ ರಾಶಿಗಳು; ನಡುನಡುವೆ ಗಾಜಿನ ಬಾಗಿಲಿನ ಉಪಾಹಾರಗೃಹಗಳು. ಒಂದರ ಫಲಕದಲ್ಲಿ ಜೋಳದ ರೊಟ್ಟಿ, ಝುಣಕದ ಮಗ್ಗುಲಿಗೇ ಗೋಬಿ ಮಂಚೂರಿಯ ಹೆಸರನ್ನೂ ಓದಿ ನಮಗೆ ನಗೆ ಬಂದಿತು. ನಮ್ಮ ಮಕ್ಕಳಿಗೆ ಮಾತ್ರ ನಗುವಂಥದೇನೂ ಅದರಲ್ಲಿ ಕಾಣಲಿಲ್ಲ. ಭಂಡಾರದ ಗುಡ್ಡೆಗಳು ಹಿಂದಿನಂತೆಯೇ ಹಳದಿಯಾಗಿ ಶಿಖರದಂತೆ ನಿಂತಿವೆ. ಅವುಗಳ ನೆತ್ತಿಗೆ ಒಂದು ಕಡ್ಡಿ ನೆಟ್ಟು ಕ್ಯೂಆರ್ ಚೀಟಿಯನ್ನು ಸಿಕ್ಕಿಸಿದ್ದಾರೆ. ಗೃಹಿಣಿಯರಿಗೆ ಒಂದು ಸೂಚನೆ: ಭಂಡಾರವನ್ನು ಕಣ್ಣಿನಿಂದ ಕೊಳ್ಳಬೇಡಿರಿ, ಮೂಗಿನಿಂದ ಕೊಳ್ಳಿರಿ. ಅರಿಷಿಣದ ವಾಸನೆಯೇ ಇಲ್ಲದ ಹಳದಿ ಪುಡಿಯನ್ನು ಹಣೆಗೆ ಹಚ್ಚಿಕೊಳ್ಳದಿರುವದು ಲೇಸು.

ಇನ್ನೂ ಹೆಚ್ಚಿನ ಬದಲಾವಣೆ ಬರಲಿಕ್ಕಿದೆ. 2024ರಲ್ಲಿ ರಾಜ್ಯ ಸರಕಾರವು ಈ ಕ್ಷೇತ್ರದ ಸಲುವಾಗಿಯೇ ಒಂದು ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯನ್ನು ಕಾಯಿದೆಯ ಮೂಲಕ ರಚಿಸಿತು. ಅದೇ ವರುಷದ ಕೊನೆಗೆ ಕೇಂದ್ರ ಸರಕಾರವು ಗುಡ್ಡದ ಅಭಿವೃದ್ಧಿಗೆಂದು 100 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೆರಳು, ನೀರು, ಶೌಚಗೃಹಗಳು ಬೇಕೇ ಬೇಕು. ಹುಣ್ಣಿಮೆಯ ಜಾತ್ರೆಯಲ್ಲಿ ಅವುಗಳಿಲ್ಲದೆ ಹೆಂಗಸರು ಪಟ್ಟ ಪಾಡನ್ನು ಬಲ್ಲವರು ಈ ಮಾತಿಗೆ ಎರಡು ಹೇಳಲಾರರು. ಆದರೆ ಬಳೆ ಮಾರುವ ಮುದುಕಿಯೊಬ್ಬಳು ನಮ್ಮ ಮನೆಯವರ ಕೈಗೆ ಹಸಿರು ಬಳೆ ಏರಿಸುತ್ತ ಆಡಿದ ಮಾತು ಮನಸ್ಸಿನಿಂದ ಹೋಗಲೊಲ್ಲದು.

“ಎಲ್ಲಾ ಮಳಿಗಿ ಆಗ್ತಾವಂತ್ರಿ. ಮಳಿಗಿ ಆದ್ರ ಲಿಲಾವ ಆಗ್ತೈತಿ, ರೊಕ್ಕ ಇದ್ದಾಂವ ಹಿಡೀತಾನ. ನಂದು ಮಳಿಗಿ ಅಲ್ರಿ ಯವ್ವಾ, ಬುಟ್ಟಿ.”

ಹೊಸ್ತಿಲ ಹುಣ್ಣಿಮೆಗೆ ದೇವಿಯ ಬಳೆಗಳು ಒಡೆಯುವವು. ಭಾರತ ಹುಣ್ಣಿಮೆಗೆ ಅವಳು ತಿರುಗಿ ಮುತ್ತೈದೆಯಾಗುವಳು. ದೇವಿಯ ಸಂಗಡ ಭಕ್ತೆಯರೂ ಬಳೆ ಇಡಿಸಿಕೊಳ್ಳುವ ಆ ಕೆಲವೇ ದಿನಗಳ ವ್ಯಾಪಾರದ ಮೇಲೆ ಬುಟ್ಟಿಯವರ ವರುಷ ಸಾಗಬೇಕು. ಠೇವಣಿ ಕಟ್ಟಿ ಮಳಿಗೆ ಹಿಡಿಯುವ ಶಕ್ತಿ ಇವರಿಗೆಲ್ಲಿಯದು? ನಕಾಶೆ ಬರೆಯುವವರು ಮಳಿಗೆಗಳ ಗೆರೆ ಎಳೆಯುವ ಮೊದಲು ಬುಟ್ಟಿಗಳಿಗೆ ನೆರಳಿನ ಕಟ್ಟೆಯೊಂದನ್ನು ಬರೆದುಕೊಳ್ಳಲಿ ಎಂಬದು ನಮ್ಮ ಬಿನ್ನಹ.

ಇನ್ನು ಊಟದ ವಿಷಯ. ಗುಡ್ಡಕ್ಕೆ ಹೋದವರು ಮೂರು ಕಲ್ಲು ಹೂಡಿ, ಹೋಳಿಗೆ ಕಡುಬು ಬೇಯಿಸಿ, ಪಡ್ಡಲಗಿ ತುಂಬಿ, ಜೋಗತಿಯರಿಗೆ ಎಲೆ ಹಾಕಿದ ಮೇಲೆಯೇ ತಾವು ಉಣ್ಣುವದು ಹಿಂದಿನಿಂದ ಬಂದ ರೀತಿ. ಈ ಸಲ ಖಾನಾವಳಿಯಲ್ಲಿ ಉಣ್ಣೋಣವೆಂದು ಮಕ್ಕಳು ಹಟ ಹಿಡಿದರು. ನಾವು ಗಂಭೀರವಾಗಿ ಸಂಪ್ರದಾಯದ ಪರವಾಗಿ ಮಾತಾಡತೊಡಗಿದೆವು. ನಮ್ಮ ತಾಯಿಯವರು ಪೂರ್ತಿ ಕೇಳಿಕೊಂಡು ಇಷ್ಟೇ ಅಂದರು:

“ನಲವತ್ತು ವರ್ಷ ಈ ಗುಡ್ಡಕ್ಕ ಬಂದೀನಿ ತಮ್ಮಾ. ಗುಡ್ಡ ಹೆಂಗೈತಿ ಅಂತ ನೋಡಿಲ್ಲ, ಒಲಿ ನೋಡೀನಿ.”

ನಾವು ಸುಮ್ಮನಾದೆವು. ಆ ನಲವತ್ತು ವರುಷಗಳಲ್ಲಿ ಮರದ ನೆರಳಿನಲ್ಲಿ ಕುಳಿತು ಬಿಸಿ ಹೋಳಿಗೆಯ ದಾರಿ ಕಾಯುತ್ತಿದ್ದವರಲ್ಲಿ ನಾವೂ ಒಬ್ಬರು. ಕೊನೆಗೆ, ತಾಯಿಯವರು ಮನೆಯಿಂದ ಮಾಡಿ ತಂದ ಕಡುಬಿನಿಂದ ಪಡ್ಡಲಗಿ ತುಂಬಿ, ಊಟಕ್ಕೆ ಖಾನಾವಳಿಗೆ ಹೋಗುವದೆಂದು ಗೊತ್ತಾಯಿತು. ಅವರು ಮೊದಲು ಅರ್ಧ ತಾಸು ಎಣ್ಣೆಹೊಂಡದ ಕಡೆಗೂ ಗುಡ್ಡದ ಅಂಚಿಗೂ ಒಬ್ಬರೇ ತಿರುಗಾಡಿ ಬಂದರು. ಏನು ನೋಡಿದಿರೆಂದು ನಾವು ಕೇಳಲಿಲ್ಲ.

ಖಾನಾವಳಿಯ ಮೆಟ್ಟಿಲ ಬಳಿಯಲ್ಲಿ ಇಬ್ಬರು ವಯಸ್ಸಾದ ಜೋಗತಿಯರು ದೇವಿಯ ಜಗವನ್ನು ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದರು. ಮುತ್ತು ಕಟ್ಟುವ ಪದ್ಧತಿಯನ್ನು ಮುಂಬಯಿ ಸರಕಾರದ 1934ರ ಕಾಯಿದೆಯೂ ನಮ್ಮ ರಾಜ್ಯದ 1982ರ ಕಾಯಿದೆಯೂ ನಿಷೇಧಿಸಿದವು. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ಚಿಕ್ಕಂದಿನಲ್ಲಿಯೇ ಮುತ್ತು ಕಟ್ಟಿಸಿಕೊಂಡ ಮುದುಕಿಯರು ಇನ್ನೂ ಇದ್ದಾರೆ, ಅವರಿಗೆ ಹಸಿವೆಯೂ ಇದೆ. ಮೂರು ಕಲ್ಲಿನ ಒಲೆಯ ಬಳಿ ಅವರು ಕರೆಯದೆ ಬಂದು ಕೂಡ್ರುತ್ತಿದ್ದರು. ಅವರಿಗೆ ಮೊದಲ ಎಲೆ. ಗಾಜಿನ ಬಾಗಿಲು ಅವರನ್ನು ಹೊರಗಿಟ್ಟಿದೆಯೆಂದು ಯಾರೂ ಹೇಳರು. ಆದರೆ ಒಳಗೆ ಬರಲೆಂದು ಕರೆಯುವವರಾರು?

ತಾಯಿಯವರು ಬಡಿಸುವ ಹುಡುಗನಿಗೆ ಇನ್ನೆರಡು ಎಲೆ ಹಾಕಲು ಹೇಳಿದರು. ಹುಡುಗನು ಮಾಲಕರ ಮೋರೆ ನೋಡಿದನು. ಮಾಲಕರು ಗಲ್ಲೆಯಿಂದೆದ್ದು ಬಾಗಿಲಿಗೆ ಬಂದು, “ಒಳಗ ಬರ್ರಿ ಯವ್ವಾ” ಎಂದು ತಾವೇ ಕರೆದರು. ಹಿರಿಯ ಜೋಗತಿಯು ಒಳಗೆ ಇಣುಕಿ ನೋಡಿ, ಮೇಜು ಕುರ್ಚಿಗಳ ಇಕ್ಕಟ್ಟನ್ನು ತೋರಿಸಿ, “ಜಗ ಎಲ್ಲಿ ಇಳಸೂನು? ಇಲ್ಲೇ ಕೊಡ್ರಿ” ಅಂದಳು.

ತಾಯಿಯವರು ತಮ್ಮ ಎಲೆಯನ್ನು ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಅವರ ಸಂಗಡ ಕುಳಿತರು. ಮೂವರೂ ಬದನೆಕಾಯಿಯ ಎಣ್ಣೆಗಾಯಿಗೆ ಖಾರ ಸಾಲದೆಂದು ಮಾತಾಡಿಕೊಳ್ಳುವದು ನಮಗೆ ಒಳಗೆ ಕೇಳಿಸುತ್ತಿತ್ತು. ಹುಡುಗನು ಶೇಂಗಾ ಹಿಂಡಿಯನ್ನು ಹಿಡಿದುಕೊಂಡು ಒಳಗೂ ಹೊರಗೂ ಓಡಾಡಿದನು. ಬಿಲ್ಲಿನಲ್ಲಿ ಎಲ್ಲ ಎಲೆಗಳನ್ನೂ ಎಣಿಸಿದ್ದರು. ಹೊರಗೆ ಹೆಚ್ಚಾಗಿ ಹಾಕಿಸಿಕೊಂಡ ರೊಟ್ಟಿಗಳ ದುಡ್ಡನ್ನು ಮಾತ್ರ ಹಿಡಿದಿರಲಿಲ್ಲ. ಸಂಜೆಯ ಬಸ್ಸಿಗೆ ನೂಕುನುಗ್ಗಲು ಬಹಳ; ತಾಯಿಯವರಿಗೆ ಕೂಡ್ರಲು ಸ್ಥಳ ಸಿಕ್ಕಿತು, ನಾವು ಧಾರವಾಡದ ವರೆಗೂ ನಿಂತೇ ಬಂದೆವು.