ಬಾಣಲೆ ಹಿಡಿದ ಮಿಸೆಸ್ ಹಾರ್ಡಿ

ಹೆಂಡತಿಗೆ ಹೆದರುವ ಗಂಡನ ಮೇಲೆ ಉರ್ದುವಿನಲ್ಲಿ ಎಷ್ಟು ಲತೀಫಾಗಳಿವೆಯೋ ಕನ್ನಡದಲ್ಲಿ ಅಷ್ಟೇ ನಗೆಹನಿಗಳಿವೆ. ಆದರೆ ಈ ಒಂದೇ ಸರಕನ್ನು ಬಂಡವಾಳ ಮಾಡಿಕೊಂಡು ವರ್ಷಗಟ್ಟಲೆ ಕಾರ್ಖಾನೆಯಂತೆ ಚಿತ್ರ ತೆಗೆದವರು ಹಾಲಿವುಡ್‌ನವರು. ಎರಡು ರೀಲಿನ, ಸುಮಾರು ಇಪ್ಪತ್ತು ನಿಮಿಷದ ಚಿತ್ರಗಳು. ಥಿಯೇಟರಿನಲ್ಲಿ ದೊಡ್ಡ ಚಿತ್ರದ ಜೊತೆಗೆ ಇವನ್ನು ತೋರಿಸುತ್ತಿದ್ದರು. ಹ್ಯಾಲ್ ರೋಚ್ ಎಂಬ ನಿರ್ಮಾಪಕನ ಸ್ಟುಡಿಯೋ ಇದರಲ್ಲಿ ಎತ್ತಿದ ಕೈ. ಲಾರೆಲ್ ಮತ್ತು ಹಾರ್ಡಿ ಜೋಡಿ ಬೆಳೆದದ್ದು ಅಲ್ಲಿಯೇ.

1932ರ ‘ಹೆಲ್ಪ್‌ಮೇಟ್ಸ್’ ಚಿತ್ರ ನೋಡಿ. ಹೆಂಡತಿ ಊರಿಗೆ ಹೋಗಿದ್ದಾಳೆ. ಹಾರ್ಡಿ ಗೆಳೆಯರನ್ನು ಮನೆಗೆ ಸೇರಿಸಿ ರಾತ್ರಿಯಿಡೀ ಮಜಾ ಮಾಡಿದ್ದಾನೆ. ಬೆಳಿಗ್ಗೆ ಮನೆ ಸಂತೆ ಮುಗಿದ ಬಯಲಿನಂತಾಗಿದೆ. ಆಗಲೇ ಅವಳು ಮಧ್ಯಾಹ್ನಕ್ಕೆ ಬರುತ್ತಾಳೆಂದು ತಂತಿ ಬರುತ್ತದೆ. ಗುಡಿಸಿ ತೊಳೆಯಲು ಹಾರ್ಡಿ ಲಾರೆಲ್‌ನನ್ನು ಕರೆಸುತ್ತಾನೆ. ಅಲ್ಲಿಗೆ ಮನೆಯ ಕತೆ ಮುಗಿಯಿತೆಂದೇ ಲೆಕ್ಕ! ಇದ್ದಬದ್ದ ಬಟ್ಟೆಯೆಲ್ಲ ಹಾಳಾಗಿ, ಕೊನೆಗೆ ಹಾರ್ಡಿ ಕತ್ತಿ ಕಟ್ಟಿಕೊಂಡು ವೇಷದ ಸಮವಸ್ತ್ರದಲ್ಲೇ ಹೆಂಡತಿಯನ್ನು ಕರೆತರಲು ಹೋಗಬೇಕಾಗುತ್ತದೆ. ವಾಪಸು ಬರುವಾಗ ಒಂಟಿ, ಒಂದು ಕಣ್ಣಿನ ಸುತ್ತ ಕಪ್ಪು. ಇತ್ತ ಲಾರೆಲ್ ಅವಳ ಸ್ವಾಗತಕ್ಕೆಂದು ಹೊತ್ತಿಸಿದ ಬೆಂಕಿಯಿಂದ ಮನೆಯೇ ಸುಟ್ಟುಹೋಗಿದೆ. ಸೂರಿಲ್ಲದ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತ ಹಾರ್ಡಿ, ತನಗೆ ಒಬ್ಬನೇ ಇರಬೇಕೆನಿಸಿದೆ, ಹೋಗುವಾಗ ಬಾಗಿಲು ಮುಚ್ಚಿಕೊಂಡು ಹೋಗು ಎನ್ನುತ್ತಾನೆ. ಲಾರೆಲ್ ಮುಚ್ಚಿಕೊಂಡು ಹೋಗುತ್ತಾನೆ. ಮಳೆ ಶುರುವಾಗುತ್ತದೆ.

ಉರ್ದು ಶಾಲೆಯಲ್ಲಿ ಓದಿದ ನನಗೆ ಈ ಚಿತ್ರ ನೋಡಿದಾಗಲೆಲ್ಲ ಪತ್ರಸ್ ಬುಖಾರಿಯವರ ‘ಮೈಂ ಏಕ್ ಮಿಯಾಂ ಹೂಂ’ ಲೇಖನ ನೆನಪಾಗುತ್ತದೆ. ಪೇಶಾವರದಲ್ಲಿ ಹುಟ್ಟಿ, ಆಲ್ ಇಂಡಿಯಾ ರೇಡಿಯೋದ ಮುಖ್ಯಸ್ಥರಾಗಿ, ಕೊನೆಗೆ 1958ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಆ ಮಹಾಶಯರು ಉರ್ದು ಹಾಸ್ಯದ ಉಸ್ತಾದರು. ಅಲ್ಲಿಯೂ ಬೀವಿ ಮೈಕೆಗೆ ಹೋಗಿದ್ದಾಳೆ. ಅಲ್ಲಿಯೂ ತಂತಿ ಇದೆ. ಆದರೆ ಕಳಿಸಿದವನು ಗಂಡ. ಬೇಸರವಾಗಿದೆ, ಬೇಗ ಬಾ ಎಂದು. ಕಳಿಸಿದ ಮೇಲೆ ಗೆಳೆಯರು ಬರುತ್ತಾರೆ, ಇಸ್ಪೀಟು ಶುರುವಾಗುತ್ತದೆ, ಸೋತವನಿಗೆ ಶಿಕ್ಷೆ. ಮುಖಕ್ಕೆ ಮಸಿ, ತಲೆಗೆ ಕಾಗದದ ಟೋಪಿ, ಕೈಯಲ್ಲಿ ಚಿಲುಮೆ, ಈ ವೇಷದಲ್ಲಿ ಮಿಯಾಂ ನಿಂತಿರುವಾಗ ಬಾಗಿಲು ತೆರೆದು ಬುರ್ಖಾ ತೊಟ್ಟ ಹೆಂಗಸೊಬ್ಬಳು ಒಳಗೆ ಬರುತ್ತಾಳೆ. ರೋಶನ್ ಆರಾ! ಲಾಹೋರಿನವರಿಂದ ಹಾಲಿವುಡ್‌ನವರು ಕಲಿತರೋ, ಅವರಿಂದ ಇವರು ಕಲಿತರೋ ಎಂದು ಕೇಳಬೇಕಾಗಿಲ್ಲ. ಗಂಡಸರೆಲ್ಲ ಒಂದೇ ಮದ್ರಸಾದಲ್ಲಿ ಕಲಿತವರು.

ಆದರೂ ಒಂದು ವ್ಯತ್ಯಾಸವಿದೆ. ಪತ್ರಸರ ರೋಶನ್ ಆರಾಳಿಗೆ ಮುನಿಸಿದೆ, ನೋವಿದೆ. ಗಂಡನಿಗೆ ಅವಳು ನಿಜವಾಗಿಯೂ ಬೇಕು. ಮಿಸೆಸ್ ಹಾರ್ಡಿಗೆ ಸಿಟ್ಟು ಬಿಟ್ಟರೆ ಬೇರೇನನ್ನೂ ಬರೆದುಕೊಟ್ಟಿಲ್ಲ. ಮೇ ಬುಷ್‌ಳಂಥ ಒಳ್ಳೆಯ ನಟಿಗೂ ಹೂಜಿ, ತಟ್ಟೆ ಎಸೆಯುವ ಕೆಲಸವೇ ಜಾಸ್ತಿ. 1935ರ ‘ಥಿಕರ್ ದ್ಯಾನ್ ವಾಟರ್’ ಈ ಜೋಡಿಯ ಕೊನೆಯ ಕಿರುಚಿತ್ರ. ಕೂಡಿಟ್ಟ ಹಣವನ್ನು ಹಾರ್ಡಿ ಹೆಂಡತಿಗೆ ಹೇಳದೆ ಬ್ಯಾಂಕಿನಿಂದ ತೆಗೆದು, ಹರಾಜಿನಲ್ಲಿ ದೊಡ್ಡ ಗಡಿಯಾರವೊಂದಕ್ಕೆ ಸುರಿಯುತ್ತಾನೆ. ಗಡಿಯಾರ ಬೀದಿಯಲ್ಲೇ ಲಾರಿಯಡಿ ಪುಡಿಯಾಗುತ್ತದೆ. ಗೊತ್ತಾದ ಕೂಡಲೇ ಹೆಂಡತಿ ಬಾಣಲೆಯಿಂದ ಬಾರಿಸುತ್ತಾಳೆ, ಗಂಡ ಆಸ್ಪತ್ರೆ ಸೇರುತ್ತಾನೆ. ಆ ಪಾತ್ರ ಮಾಡಿದ ಡಾಫ್ನೆ ಪೊಲಾರ್ಡ್ ತೀರ ಕುಳ್ಳಿ. ಹಾರ್ಡಿಯ ಪಕ್ಕದಲ್ಲಿ ಬೆಟ್ಟದ ಬುಡದ ಗಿಡದಂತೆ ಕಾಣುತ್ತಾಳೆ. ನಗೆ ಹುಟ್ಟುವುದೇ ಅಲ್ಲಿ. ಅದೇ ಬಾಣಲೆ ಹಾರ್ಡಿಯ ಕೈಯಲ್ಲಿದ್ದು, ಪೆಟ್ಟು ಆ ಪುಟ್ಟ ಹೆಂಗಸಿಗೆ ಬಿದ್ದಿದ್ದರೆ ಯಾರು ನಗುತ್ತಿದ್ದರು? ನಿಜವಾದ ಮನೆಗಳಲ್ಲಿ ಪೆಟ್ಟು ಹೆಚ್ಚಾಗಿ ಯಾರಿಗೆ ಬೀಳುತ್ತದೆ ಎಂಬುದು ಥಿಯೇಟರಿನ ಕತ್ತಲಲ್ಲಿ ಕುಳಿತ ಹೆಂಗಸರಿಗೆ ಗೊತ್ತಿದ್ದೇ ಇರಬೇಕು.

ನಮ್ಮ ಮೊಹಲ್ಲಾದಲ್ಲಿ ‘ಜೋರೂ ಕಾ ಗುಲಾಮ್’ ಎಂದು ಬಿರುದು ಪಡೆದ ಚಾಚಾ ಒಬ್ಬರಿದ್ದರು. ಅವರು ಮಾಡಿದ್ದಿಷ್ಟೇ, ಬೀವಿಗೆ ಹುಷಾರಿಲ್ಲದಾಗ ಬೀದಿ ನಲ್ಲಿಯಿಂದ ಎರಡು ಕೊಡ ನೀರು ತರುತ್ತಿದ್ದರು. ಬೀವಿಯ ಮೇಲೆ ಕೈಯೆತ್ತುವವರಿಗೆ ಆ ಬೀದಿಯಲ್ಲಿ ಯಾವ ಬಿರುದೂ ಇರಲಿಲ್ಲ.

ಹಣದ ಮಾತೂ ಹಾಗೆಯೇ. 1928ರ ‘ದೇರ್ ಪರ್ಪಲ್ ಮೊಮೆಂಟ್’ನಲ್ಲಿ ಲಾರೆಲ್ ಸಂಬಳದಿಂದ ಕದ್ದು ಉಳಿಸಿದ ಹಣವನ್ನು ಗೋಡೆಯ ಚಿತ್ರದಲ್ಲಿರುವ ಮನುಷ್ಯನ ಕೋಟಿನೊಳಗೆ ಬಚ್ಚಿಡುತ್ತಾನೆ. ಹೆಂಡತಿ ಅದನ್ನು ಪತ್ತೆಹಚ್ಚಿ, ಹಣ ತೆಗೆದುಕೊಂಡು, ಸಿಗಾರಿನ ಕೂಪನ್‌ಗಳನ್ನು ತುಂಬಿಸಿಡುತ್ತಾಳೆ. ಗೆಳೆಯರಿಬ್ಬರೂ ಹೋಟೆಲಿನಲ್ಲಿ ಧಾರಾಳವಾಗಿ ತಿಂದು ಕುಡಿದು ಪಾಕೀಟು ಬಿಚ್ಚಿದಾಗ ಅವರ ಮುಖ ನೋಡಬೇಕು. ನಮ್ಮ ಕಡೆ ಅಕ್ಕಿ ಡಬ್ಬದಲ್ಲಿ ಚಿಲ್ಲರೆ ಬಚ್ಚಿಡುವವರು ಹೆಂಗಸರು. ಇಲ್ಲಿ ದುಡಿಯುವವನೇ ಬಚ್ಚಿಡುತ್ತಾನೆ, ನಾವು ಅವನ ಪಕ್ಷ ವಹಿಸಿ ನಗುತ್ತೇವೆ. ಆ ಸಂಬಳದಲ್ಲೇ ಒಲೆ ಹೊತ್ತಿಸಬೇಕಾದವಳ ಲೆಕ್ಕಾಚಾರ ಚಿತ್ರದಲ್ಲಿ ಬರುವುದಿಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನನಗೆ ಅತ್ಯಂತ ಇಷ್ಟವಾದದ್ದು 1926ರ ಮೂಕಿ ಚಿತ್ರ ‘ಮೈಟಿ ಲೈಕ್ ಎ ಮೂಸ್’. ನಟ ಚಾರ್ಲಿ ಚೇಸ್, ನಿರ್ದೇಶಕ ಲಿಯೋ ಮೆಕ್ಯಾರಿ. ಗಂಡನಿಗೆ ಉಬ್ಬು ಹಲ್ಲು, ಹೆಂಡತಿಗೆ ವಿಪರೀತ ಮೂಗು. ಒಬ್ಬರಿಗೊಬ್ಬರು ತಿಳಿಯದಂತೆ ಅವನು ಹಲ್ಲು ಸರಿಮಾಡಿಸಿಕೊಳ್ಳುತ್ತಾನೆ, ಅವಳು ಮೂಗು. ಹೊರಗೆ ಭೇಟಿಯಾದಾಗ ಗುರುತು ಸಿಗುವುದಿಲ್ಲ; ಪರಸ್ಪರ ಮರುಳಾಗಿ ಪಾರ್ಟಿಗೆ ಹೋಗುತ್ತಾರೆ. ಅಲ್ಲಿಗೆ ಪೊಲೀಸರ ದಾಳಿ. ಇಬ್ಬರೂ ಕಳ್ಳರಂತೆ ತಮ್ಮದೇ ಮನೆಗೆ ಓಡಿಬರುತ್ತಾರೆ. ಗಂಡನಿಗೆ ಮೊದಲು ಗುಟ್ಟು ತಿಳಿಯುತ್ತದೆ. ತಾನೂ ಅದನ್ನೇ ಮಾಡಿದ್ದೇನೆಂಬುದನ್ನು ಮರೆತು ಅವಳಿಗೆ ಪಾಠ ಕಲಿಸಲು ಹೊರಡುತ್ತಾನೆ! ಸುಳ್ಳು ಹಲ್ಲು ಹಾಕಿಕೊಂಡರೆ ಗಂಡ, ತೆಗೆದರೆ ಪ್ರಿಯಕರ. ಎರಡೂ ತಾನೇ ಆಗಿ, ಕೋಣೆಯಿಂದ ಕೋಣೆಗೆ ಓಡಾಡಿ ತನ್ನೊಂದಿಗೇ ಕಾದಾಡುತ್ತಾನೆ. ಅವಳಿಗೆ ನಿಜ ಗೊತ್ತಾದ ಮೇಲೆ ಅವನಿಗೆ ಉಳಿಗಾಲವಿಲ್ಲ. ಇಲ್ಲಿ ಇಬ್ಬರದೂ ಸಮಪಾಲು, ಇಬ್ಬರದೂ ಆಸೆ. ಒಂದೇ ಸೂರಿನಡಿ ಇದ್ದೂ ಮುಖ ನೋಡದ ದಂಪತಿಗಳ ಬಗ್ಗೆ ಕತೆ ಬರೆಯುವಾಗ ಈ ಇಪ್ಪತ್ತು ನಿಮಿಷ ನೆನಪಾಗಿ ಹೊಟ್ಟೆಕಿಚ್ಚಾಗುತ್ತದೆ. ಮೆಕ್ಯಾರಿಗೆ 1937ರ ‘ದಿ ಆಫುಲ್ ಟ್ರೂಥ್’ ಚಿತ್ರಕ್ಕಾಗಿ ಆಸ್ಕರ್ ಬಂತು. ಅದೂ ಗಂಡ ಹೆಂಡಿರ ಅನುಮಾನದ ಕತೆಯೇ.

ಈ ಚಿತ್ರಗಳಲ್ಲಿ ತಟ್ಟೆ ಒಡೆಯುತ್ತದೆ, ಬಂದೂಕು ಸಿಡಿಯುತ್ತದೆ. ಮುಂದಿನ ಚಿತ್ರದಲ್ಲಿ ಅದೇ ಗಂಡ ಅದೇ ಸುಳ್ಳಿನೊಂದಿಗೆ ಮನೆಯಲ್ಲಿರುತ್ತಾನೆ. ನಗಿಸಿದವರ ಮನೆಗಳು ಅಷ್ಟು ಗಟ್ಟಿಯಾಗಿರಲಿಲ್ಲ. ಲಾರೆಲ್ ಮತ್ತು ಹಾರ್ಡಿ ಇಬ್ಬರಿಗೂ ವಿಚ್ಛೇದನಗಳಾದವು. ಬಸ್ಟರ್ ಕೀಟನ್ 1921ರಲ್ಲಿ ನಟಾಲಿ ಟಾಲ್ಮಡ್ಜ್‌ಳನ್ನು ಮದುವೆಯಾದ. ಮರುವರ್ಷವೇ ಹೆಂಡತಿಯ ಕಡೆಯವರ ಕಾಟದ ಮೇಲೆ ‘ಮೈ ವೈಫ್ಸ್ ರಿಲೇಷನ್ಸ್’ ತೆಗೆದ. 1932ರಲ್ಲಿ ವಿಚ್ಛೇದನ, ಮುಂದೆ ಅವನ ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದೂ ಹೋಗಿ ತಾಯಿಯ ಮನೆತನದ ಹೆಸರು ಉಳಿಯಿತು. ಇದನ್ನು ಓದಿದ ಮೇಲೆ ಆ ನಗದ ಮುಖವನ್ನು ನೋಡುವುದು ಕಷ್ಟ.

ಅದೇ ಕೀಟನ್ ಮದುವೆಗೆ ಮುಂಚೆ, 1920ರಲ್ಲಿ, ‘ಒನ್ ವೀಕ್’ ಮಾಡಿದ್ದ. ಹೊಸ ದಂಪತಿಗೆ ಬಿಡಿಭಾಗಗಳ ಪೆಟ್ಟಿಗೆಗಳಲ್ಲಿ ಮನೆಯೊಂದು ಉಡುಗೊರೆ ಬರುತ್ತದೆ. ಅವಳು ಒಲ್ಲೆನೆಂದಿದ್ದವನು ಪೆಟ್ಟಿಗೆಗಳ ನಂಬರು ಬದಲಿಸುತ್ತಾನೆ. ಎದ್ದುನಿಂತ ಮನೆ ಸೊಟ್ಟ. ಬಿರುಗಾಳಿಗೆ ಬುಗುರಿಯಂತೆ ತಿರುಗುತ್ತದೆ. ಹೆಂಡತಿಯಾಗಿ ಸಿಬಿಲ್ ಸೀಲಿ ಬೈಯುವುದಿಲ್ಲ, ಗಂಡನ ಜೊತೆ ಕೆಲಸಕ್ಕಿಳಿಯುತ್ತಾಳೆ. ಮನೆ ಕಟ್ಟಿದ್ದು ಬೇರೆಯವರ ಜಾಗದಲ್ಲಿ ಎಂದು ತಿಳಿದು ಎಳೆದೊಯ್ಯುವಾಗ ಅದು ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ. ಇಬ್ಬರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದು ಪಕ್ಕದ ಹಳಿಯ ಮೇಲೆ ಹಾದುಹೋಗುತ್ತದೆ. ನಿಟ್ಟುಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನ ರೈಲು ಬಂದು ಮನೆಯನ್ನು ಚಿಂದಿ ಮಾಡುತ್ತದೆ. ಕೀಟನ್ ಆ ರಾಶಿಯ ಮೇಲೆ ‘ಮಾರಾಟಕ್ಕಿದೆ’ ಎಂಬ ಫಲಕ ನೆಟ್ಟು, ಜೋಡಿಸುವ ವಿಧಾನದ ಕಾಗದವನ್ನೂ ಅದಕ್ಕೆ ಸಿಕ್ಕಿಸಿ, ಹೆಂಡತಿಯ ಕೈ ಹಿಡಿದು ನಡೆದುಹೋಗುತ್ತಾನೆ.