ಹುಣ್ಣಿಮೆಯ ಜಾಗರಣೆ

ಗಡಿನಾಡಿನ ಕನ್ನಡದ ಸ್ಥಿತಿಗತಿಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಶಾಲೆ, ಕಚೇರಿ, ನಾಮಫಲಕ, ಆಯೋಗದ ವರದಿ ಇವುಗಳ ಸುತ್ತ ತಮ್ಮ ವಿಚಾರವನ್ನು ಬೆಳೆಸುತ್ತಾರೆ. ಅದು ಅವಶ್ಯವೂ ಹೌದು. ಆದರೆ ಇವೆಲ್ಲ ಹಗಲಿನ ಸಂಗತಿಗಳು. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಎಪ್ಪತ್ತು ಮಿಕ್ಕಿ ವರುಷ ಬಾಳಿದ ನಮಗೆ, ಇಲ್ಲಿಯ ಕನ್ನಡವನ್ನು ಬಹುಕಾಲ ಸಲಹಿದ್ದು ಇರುಳು ಎಂದೇ ತೋರುತ್ತದೆ. ಊಟ ಮುಗಿದ ಮೇಲೆ ನಮ್ಮ ಜನ ನಿದ್ದೆಗೆಟ್ಟು, ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ಸಂತೋಷಕ್ಕಾಗಿ ಮಾಡಿಕೊಂಡ ಆಟ, ಪದ, ಭಜನೆಗಳ ಇರುಳು ಅದು. ಅದರ ಕುರಿತು ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವ ಮನಸ್ಸಾಗಿದೆ.

ಈ ವಿಚಾರಕ್ಕೆ ನಿಮಿತ್ತವಾದದ್ದು ದೂರದ ಒಂದು ದ್ವೀಪ. ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಮೊಮ್ಮಗ ಸ್ನೇಹಿತರೊಡನೆ ಥಾಯ್ಲೆಂಡಿಗೆ ಹೋಗಿಬಂದನು. 2023ರ ನವೆಂಬರಿನಲ್ಲಿ ಆ ದೇಶವು ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ, ಹಿಂದೆ ಗೋವೆಗೆ ಹೋಗುತ್ತಿದ್ದ ತರುಣರು ಈಗ ಅಲ್ಲಿಗೇ ಹೋಗುತ್ತಾರಂತೆ. ಥಾಯ್ಲೆಂಡ್ ಕೊಲ್ಲಿಯಲ್ಲಿ ಕೋ ಫಂಗಾನ್ ಎಂಬ ದ್ವೀಪವಿದೆ. ಅದರ ದಕ್ಷಿಣದ ತುದಿಯಲ್ಲಿ ಹಾಡ್ ರಿನ್ ಎಂಬ ಮರಳ ದಂಡೆ. 1980ರ ದಶಕದಲ್ಲಿ ಬೆರಳೆಣಿಕೆಯ ಪ್ರವಾಸಿಗರು ಹುಣ್ಣಿಮೆಯ ರಾತ್ರಿ ಅಲ್ಲಿ ಕೂಡಿ ಕುಣಿದದ್ದೇ ಮೂಲವಾಗಿ, ಇಂದು ತಿಂಗಳು ತಿಂಗಳೂ ಹುಣ್ಣಿಮೆಗೆ ಸಾವಿರಾರು ಮಂದಿ ಅಲ್ಲಿ ನೆರೆಯುತ್ತಾರೆ. ಸಂಜೆಯಿಂದ ಸೂರ್ಯೋದಯದವರೆಗೆ ಧ್ವನಿವರ್ಧಕಗಳು ಮೊಳಗುತ್ತವೆ. ಮೈಮೇಲೆ ಹೊಳೆಯುವ ಬಣ್ಣ ಬಳಿದುಕೊಳ್ಳುತ್ತಾರೆ, ಬೆಂಕಿ ಹಚ್ಚಿದ ಹಗ್ಗವನ್ನು ಜಿಗಿಯುತ್ತಾರೆ, ಚಿಕ್ಕ ಬಕೆಟಿನಲ್ಲಿ ಮದ್ಯ ಮಾರುತ್ತಾರೆ. ಈ ಎಲ್ಲವನ್ನೂ ನಾವು ಮೊಮ್ಮಗನ ಮೊಬೈಲಿನಲ್ಲಿ ಕಂಡೆವು.

ಕಂಡು ಮುಖ ಸಿಂಡರಿಸಿದೆವೆಂದು ಓದುಗರು ತಿಳಿಯಬಾರದು. ಪಾಠ ಹೇಳಿದ ಚಾಳಿ ಬಿಡದಲ್ಲ. ಆ ಹೆಸರುಗಳ ಅರ್ಥವನ್ನು ಅವನಿಂದಲೇ ಹುಡುಕಿಸಿದೆವು. ಥಾಯ್ ಭಾಷೆಯಲ್ಲಿ ‘ಕೋ’ ಎಂದರೆ ದ್ವೀಪ, ‘ಹಾಡ್’ ಎಂದರೆ ಕಡಲ ದಂಡೆ. ಆ ನಾಡಿನ ಬೌದ್ಧರ ದೊಡ್ಡ ಹಬ್ಬಗಳಲ್ಲಿ ಮೂರು ಹುಣ್ಣಿಮೆಯವು: ಮಾಖಾ ಬುಚಾ, ವಿಸಾಖಾ ಬುಚಾ, ಆಸಾಳ್ಹಾ ಬುಚಾ. ನಮ್ಮ ಮಾಘ, ವೈಶಾಖ, ಆಷಾಢಗಳೇ ಅವು. ಬುಚಾ ಎಂದರೆ ಪೂಜೆ. ಅಂಥ ಪವಿತ್ರ ಹುಣ್ಣಿಮೆ ಬಂದಾಗ ಕಡಲ ದಂಡೆಯ ಕುಣಿತವನ್ನು ಒಂದು ದಿನ ಹಿಂದೆಯೋ ಮುಂದೆಯೋ ಹಾಕುವ ರೂಢಿಯೂ ಅಲ್ಲಿದೆ. ಕಾರ್ತಿಕದ ಹುಣ್ಣಿಮೆಯ ಹೊತ್ತಿಗೆ ಆ ಜನ ಬಾಳೆಯ ದಿಂಡು, ಎಲೆಗಳಿಂದ ಮಾಡಿದ ದೊನ್ನೆಯಲ್ಲಿ ದೀಪವಿಟ್ಟು ನೀರಿಗೆ ಬಿಡುತ್ತಾರೆ. ಪರದೇಶವೆಂದು ನಾವು ತಿಳಿದ ನಾಡು ನಮ್ಮ ಪಂಚಾಂಗದಿಂದ ಅಷ್ಟೇನೂ ದೂರವಿಲ್ಲ.

ಚಂದ್ರನ ಬೆಳಕಿನಲ್ಲಿ ರಾತ್ರಿಯಿಡೀ ಎಚ್ಚರಿರಬೇಕೆಂಬ ಆಸೆ ನಮ್ಮ ಸೀಮೆಗೂ ಹೊಸದಲ್ಲ. ನಮಗೆ ಕಡಲಿಲ್ಲ. ಮಾಂಜರಾ, ತೇರಣಾ ಎಂಬ ಎರಡು ನದಿಗಳು, ಎರೆಯ ಹೊಲ, ಮಾಳಿಗೆಯ ಮನೆ, ಇವೇ ನಮ್ಮ ದಂಡೆಗಳು. ಆಶ್ವೀಜದ ಹುಣ್ಣಿಮೆಯನ್ನು ನಾವು ಸೀಗಿ ಹುಣ್ಣಿಮೆ ಎನ್ನುತ್ತೇವೆ. ನೆರೆಯ ಮರಾಠಿಗರು ಕೋಜಾಗಿರಿ ಎನ್ನುತ್ತಾರೆ. ‘ಕೋ ಜಾಗರ್ತಿ’, ಯಾರು ಎಚ್ಚರಿದ್ದಾರೆ, ಎಂದು ಆ ರಾತ್ರಿ ಲಕ್ಷ್ಮಿಯು ಕೇಳುತ್ತ ಹೋಗುತ್ತಾಳೆಂಬುದು ನಂಬುಗೆ. ಮಾಳಿಗೆಯ ಮೇಲೆ ಹಾಲು ಕಾಯಿಸಿ, ಅದರಲ್ಲಿ ಚಂದ್ರನ ಬಿಂಬ ನೋಡಿ ಕುಡಿಯುವುದು ಪದ್ಧತಿ. ತುಳಜಾಪುರದ ಅಂಬಾಭವಾನಿಯು ದಸರೆಯ ಬಳಿಕ ಮಂಚದ ಮೇಲೆ ಮಲಗಿ ಶ್ರಮನಿದ್ರೆಯಲ್ಲಿದ್ದು, ಈ ಹುಣ್ಣಿಮೆಗೇ ಏಳುತ್ತಾಳೆ. ಸೊಲ್ಲಾಪುರದಿಂದ ಸುಮಾರು 45 ಕಿಲೋಮೀಟರು ದಾರಿಯನ್ನು ಲಕ್ಷಾಂತರ ಜನ ನಡೆದು ಹೋಗುತ್ತಾರೆ. ಕರ್ನಾಟಕದಿಂದ ಬರುವವರ ಸಾಲು ನಮ್ಮ ಉಮರ್ಗಾ, ನಳದುರ್ಗದ ಹೆದ್ದಾರಿಯಲ್ಲೂ ಕಾಣುತ್ತದೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೋಲು, ಬಾಯಲ್ಲಿ ಪದ. ಆ ದಾರಿಯಲ್ಲಿ ಮರಾಠಿ ಎಲ್ಲಿ ಮುಗಿದು ಕನ್ನಡ ಎಲ್ಲಿ ಮೊದಲಾಗುತ್ತದೆಂದು ಹೇಳಬಲ್ಲವರನ್ನು ನಾವು ಇದುವರೆಗೆ ಕಂಡಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಮ್ಮ ತಂದೆಯವರು ನಿಜಾಮರ ಆಳಿಕೆಯಲ್ಲಿ ಉರ್ದು ಕಲಿತವರು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಉಸ್ಮಾನಾಬಾದ ಜಿಲ್ಲೆಯೊಳಗಿದ್ದ ಉಮರ್ಗಾವೂ ಅತ್ತಲೇ ಸೇರಿತು. 1960ರಲ್ಲಿ ಮಹಾರಾಷ್ಟ್ರವಾಯಿತು. ಹೀಗಾಗಿ ನಾವು ಮರಾಠಿಯಲ್ಲಿ ಓದಿದೆವು. ನಮ್ಮ ಮೊಮ್ಮಗ ಇಂಗ್ಲಿಷಿನಲ್ಲಿ ಓದಿದನು. ಮೂರು ತಲೆಮಾರಿಗೆ ಮೂರು ಹಗಲಿನ ಭಾಷೆಗಳು. ಈ ಭಾಷೆಗಳ ಋಣ ನಮ್ಮ ಮೇಲಿದೆ. ಮರಾಠಿಯು ನಮಗೆ ಅನ್ನವನ್ನೂ ಗೆಳೆಯರನ್ನೂ ಕೊಟ್ಟಿತು. ಆದರೆ ತಂದೆಯವರಿಗೂ ನಮಗೂ ಕನ್ನಡ ದೊರೆತದ್ದು ಸೂರ್ಯ ಮುಳುಗಿದ ಮೇಲೆ. ಕನ್ನಡದ ಅಕ್ಷರಗಳನ್ನು ನಾವು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಸೋಮವಾರದ ಭಜನೆಯಲ್ಲಿ. ಕಂದೀಲಿನ ಪಕ್ಕದಲ್ಲಿ ಹಿರಿಯರ ಭಜನೆಯ ವಹಿ ತೆರೆದಿರುತ್ತಿತ್ತು. ಬಾಯಿಪಾಠವಾದ ಪದ ಕಿವಿಗೆ ಬೀಳುವಾಗ ಆ ಸಾಲಿನ ಮೇಲೆ ಬೆರಳಿಟ್ಟು ಹೋಗುತ್ತಿದ್ದೆವು. ಹಾಗೆಯೇ ಒಂದು ಚಳಿಗಾಲದಲ್ಲಿ ಓದು ಕೂಡಿತು. ಮುಂದೆ ಬಿ.ಎ., ಬಿ.ಎಡ್. ಮುಗಿಸಿ ಗಡಿಯ ಶಾಲೆಗಳಲ್ಲಿ ದುಡಿದರೂ ಅದಕ್ಕಿಂತ ಸರಳವಾದ ಬೋಧನಾ ಪದ್ಧತಿಯನ್ನು ನಾವು ಅರಿಯೆವು.

ಆ ಇರುಳುಗಳಿಗೆ ಒಂದು ವರುಷದ ಕ್ರಮವಿತ್ತು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಹಿಂದೂ ಮುಸಲ್ಮಾನರಿಬ್ಬರೂ ಕುಣಿದು ರಿವಾಯತ ಪದ ಹೇಳುತ್ತಿದ್ದರು. ದಸರೆಯಿಂದ ಸೀಗಿ ಹುಣ್ಣಿಮೆಯವರೆಗೆ ಹೆಣ್ಣುಮಕ್ಕಳ ಬುಲಾಯಿ ಪದಗಳು. ದೇವಿಯ ಹರಕೆಯಿದ್ದ ಮನೆಯಲ್ಲಿ ಸಂಬಾಳ ಬಾರಿಸುತ್ತ ಗೋಂಧಳಿಗರು ಮರಾಠಿಯಲ್ಲಿ ಕಥೆ ಹಿಡಿದು, ನಗಿಸಬೇಕಾದ ಕಡೆ ಕನ್ನಡಕ್ಕೆ ಹೊರಳುತ್ತಿದ್ದರು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಭಜ್ಜಿ, ಅಂಬಿಲಗಳ ಊಟ. ಅಂದು ಚರಗ ಚೆಲ್ಲುವಾಗ ಲಾತೂರಿನತ್ತಣ ಅಪ್ಪಟ ಮರಾಠಿ ರೈತನೂ ಕೂಗುವ ಕೂಗು ಕನ್ನಡದ್ದೆಂಬುದು ಅವನಿಗೇ ತಿಳಿಯದು. ಮಾರ್ಗಶಿರದ ಹುಣ್ಣಿಮೆಗೆ, ದತ್ತಜಯಂತಿಯ ಹೊತ್ತಿನಲ್ಲಿ, ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಕನ್ನಡ, ಮರಾಠಿ, ಹಿಂದೂಸ್ತಾನಿಗಳಲ್ಲಿ ಪದ ಬರೆದ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಸಂಗೀತದ ದರಬಾರು ನಡೆಯುವುದು. ರಾಗದ ಹೆಸರು ತಿಳಿಯದ ಒಕ್ಕಲಿಗನೂ ಅಲ್ಲಿ ಬೆಳಗಿನವರೆಗೆ ತಲೆದೂಗುವನು. ಸುಗ್ಗಿ ಮುಗಿದ ಮೇಲೆ ಬಯಲಾಟ. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ರಾವಣನ ಪಾತ್ರಧಾರಿಯು ಹಲಗೆಯ ಅಟ್ಟ ನಡುಗುವಂತೆ ಹೆಜ್ಜೆಯಿಟ್ಟಾಗ, ತೊಡೆಯ ಮೇಲೆ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿನಲ್ಲಿ ಉಳಿದದ್ದು ಕಣದ ರಾತ್ರಿ. ನಡುವೆ ಮೇಟಿ ನೆಟ್ಟು, ಜೋಳದ ತೆನೆ ಹರವಿ, ಅದರ ಮೇಲೆ ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುವುದೇ ಹಂತಿ. ಉದಗೀರ ಸೀಮೆಯ ದೇವಣಿ ಎತ್ತುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಎತ್ತು ನಿಲ್ಲಬಾರದು, ಹೊಡೆಯುವವನು ತೂಕಡಿಸಬಾರದು. ಅದಕ್ಕಾಗಿ ಹಂತಿಯ ಪದ. ಒಬ್ಬನು ಎತ್ತಿದ ಸೊಲ್ಲನ್ನು ಹಿಂದಿನವರು ಹಿಡಿಯುವರು. ಒಂದು ಕಣದ ದನಿಗೆ ಆಚೆಯ ಕಣದವರು ಉತ್ತರ ಕೊಡುವರು. ತಂಪು ಹೊತ್ತಿನಲ್ಲಿ ಕೆಲಸ ಸಾಗಲೆಂದೇ ಬೆಳುದಿಂಗಳ ರಾತ್ರಿಗಳನ್ನು ಆರಿಸುತ್ತಿದ್ದರು. ದುಡಿಮೆ ಎಲ್ಲಿ ಮುಗಿಯಿತು, ವಿನೋದ ಎಲ್ಲಿ ಮೊದಲಾಯಿತು ಎಂದು ಅಲ್ಲಿ ಯಾರೂ ಗೆರೆ ಎಳೆದಿರಲಿಲ್ಲ.

ಈ ಇರುಳು ಹೇಗೆ ಕಳೆಯಿತು? ಯಾರೋ ವೈರಿಗಳು ಬಂದು ಕಸಿದುಕೊಳ್ಳಲಿಲ್ಲ. ಒಕ್ಕುವ ಯಂತ್ರ ಬಂದು ಹಂತಿಯನ್ನು ನಿಲ್ಲಿಸಿತು. ಜೋಳದ ಹೊಲಕ್ಕೆ ಸೋಯಾಬೀನ್ ಬಂದಿತು, ಸೋಯಾಬೀನಿಗೆ ಪದವಿಲ್ಲ. ಟಿ.ವಿ. ಬಂದು ಜನರನ್ನು ಒಳಮನೆಗೆ ಕರೆಯಿತು. ಇವುಗಳ ನಡುವೆ 1993ರ ಸೆಪ್ಟೆಂಬರ್ 30 ಬಂದಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ, ಲೇಝೀಮ್ ಆಡಿ ದಣಿದ ಹಳ್ಳಿಗಳು ತಡವಾಗಿ ಮಲಗಿದ್ದವು. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಇನ್ನೂ ಬೆಳುದಿಂಗಳಿರುವಾಗಲೇ, ಕಿಲ್ಲಾರಿ, ಸಾಸ್ತೂರಗಳ ಭೂಮಿ ನಡುಗಿತು. ಕಲ್ಲುಮಣ್ಣಿನ ಗೋಡೆಗಳೂ ಮಾಳಿಗೆಗಳೂ ಮಲಗಿದವರ ಮೇಲೆ ಕುಸಿದವು. ಸಾವಿರಾರು ಜೀವಗಳು ಹೋದವು. ಮುಂದೆ ಹಲವು ತಿಂಗಳು ನಮ್ಮ ಸೀಮೆಯ ಜನ ಸೂರಿನ ಕೆಳಗೆ ಮಲಗಲಿಲ್ಲ. ರಾತ್ರಿಯೆಲ್ಲ ಬಯಲಿನಲ್ಲಿ ಎಚ್ಚರಿರುತ್ತಿದ್ದೆವು, ಯಾರೂ ಹಾಡುತ್ತಿರಲಿಲ್ಲ. ಬಳಿಕ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿಕೊಟ್ಟರು. ಮನೆಗಳು ಗಟ್ಟಿಯಾದವು, ಬೀದಿಗಳು ಅಗಲವಾದವು. ಅಗಸಿಯ ಕಟ್ಟೆ ಮಾತ್ರ ಹಳೆಯ ಊರಿನಲ್ಲಿಯೇ ಉಳಿಯಿತು. ಹತ್ತು ಮಂದಿ ಉಂಡು ಬಂದು ಕುಳಿತುಕೊಳ್ಳುವ ಕಟ್ಟೆಯನ್ನು ಯಾವ ನಕ್ಷೆಯಲ್ಲೂ ಬರೆಯಲಾಗುವುದಿಲ್ಲ.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿ, “ಅಲ್ಲಿ ರಾತ್ರಿಯೆಲ್ಲ ನೀವು ಏನು ಹಾಡಿದಿರಪಾ?” ಎಂದು ಕೇಳಿದೆವು. ಅವನು ನಕ್ಕನು. “ನಾವ್ಯಾಕ ಹಾಡಬೇಕು ಮುತ್ಯಾ? ಹಾಡ ಸ್ಪೀಕರಿನ್ಯಾಗ ಬರ್ತಾವ” ಎಂದನು. ತುಸು ಹೊತ್ತಿನ ಮೇಲೆ ಅವನೇ ಇನ್ನೊಂದು ಮಾತು ಸೇರಿಸಿದನು: “ಅಲ್ಲಿ ನೀ ಯಾರವ, ಯಾವ ಓಣಿಯವ ಅಂತ ಯಾರೂ ಕೇಳಂಗಿಲ್ಲ ನೋಡು.”

ಈ ಎರಡನೆಯ ಮಾತಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮ ಇರುಳುಗಳಲ್ಲಿ ಕೂಡುವ ಜಾಗ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹಲಗೆ ಬಾರಿಸಿ ಆಟಕ್ಕೆ ಜೀವ ತುಂಬಿದವರು ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಹೆಣ್ಣುಮಕ್ಕಳು ರೊಟ್ಟಿ ಬಡಿದು, ಪಾತ್ರೆ ತೊಳೆದು ಬರುವಷ್ಟರಲ್ಲಿ ಅರ್ಧ ಕಥೆ ಮುಗಿದಿರುತ್ತಿತ್ತು. ಕುಡಿತ, ಜಗಳಗಳೂ ಇದ್ದವು. ಯಾರೂ ಕುಲ ಕೇಳದ ದಂಡೆಯೊಂದು ಲೋಕದಲ್ಲಿದೆ ಎಂದು ತರುಣನೊಬ್ಬನು ಹಿಗ್ಗಿದರೆ ಅದನ್ನು ಅಲ್ಲಗಳೆಯಲು ನಮಗೆ ಅಧಿಕಾರವಿಲ್ಲ.

ಆದರೆ ಮೊದಲನೆಯ ಮಾತು ನಮ್ಮನ್ನು ಬಿಡಲಿಲ್ಲ. ಹಾಡು ಪೆಟ್ಟಿಗೆಯಿಂದ ಬರುವುದಾದರೆ ಕುಣಿಯುವವನಿಗೆ ಯಾವ ಭಾಷೆಯ ಅಗತ್ಯವೂ ಬೀಳದು. ಅದು ಕೋ ಫಂಗಾನಿನಲ್ಲಾಗಲಿ, ನಮ್ಮದೇ ಊರ ಮದುವೆಯ ಮೆರವಣಿಗೆಯ ಡಿ.ಜೆ. ಮುಂದಾಗಲಿ, ಒಂದೇ. ಹಂತಿಯಲ್ಲಿ ಹಿಂದಿನವನು ಸೊಲ್ಲು ಹಿಡಿಯದಿದ್ದರೆ ಎತ್ತು ನಿಲ್ಲುತ್ತಿತ್ತು; ಆದುದರಿಂದ ಅವನಿಗೆ ಕನ್ನಡ ಬೇಕಾಗುತ್ತಿತ್ತು. ಹಗಲಿನಲ್ಲಿ ನಮಗೆ ಕನ್ನಡದ ಅವಶ್ಯಕತೆಯನ್ನು ಸರಕಾರ ಕೊಡಲಿಲ್ಲ, ಪೇಟೆ ಕೊಡಲಿಲ್ಲ. ಕೊಟ್ಟದ್ದು ನಾವೇ ಹಾಡಿಕೊಳ್ಳಬೇಕಾಗಿದ್ದ ಆ ಇರುಳು. ಅದು ಹೋದ ಮೇಲೆ ಕನ್ನಡ ಶಾಲೆಯೊಂದು ಉಳಿದರೂ, ಅಲ್ಲಿ ಕಲಿತ ಕನ್ನಡವನ್ನು ಮಗು ಸಂಜೆ ಎಲ್ಲಿ ಖರ್ಚು ಮಾಡಬೇಕು?

ಕಳೆದ ಸೀಗಿ ಹುಣ್ಣಿಮೆಗೆ ಮೊಮ್ಮಗನು ಊರಿಗೆ ಬಂದಿದ್ದನು. ಮಾಳಿಗೆಯ ಮೇಲೆ ಹಾಲಿಗಿಟ್ಟು, ಅವನ ಆಯಿ ಬುಲಾಯಿ ಪದ ತೆಗೆದರು. ಓಣಿಯ ಮರಾಠಿ ಹೆಣ್ಣುಮಕ್ಕಳೂ ಮೇಲೇರಿ ಬಂದರು. ಹುಡುಗನು ಚಪ್ಪಾಳೆಯಲ್ಲಿ ಒಮ್ಮೆಯೂ ತಾಳ ತಪ್ಪಲಿಲ್ಲ. ಆ ದಂಡೆಯ ಮೇಲೆ ಕುಣಿದ ಕಾಲು ವ್ಯರ್ಥವಾಗಿರಲಿಲ್ಲ. ಪದದ ಅರ್ಥ ಮಾತ್ರ ಅವನಿಗೆ ಹತ್ತಲಿಲ್ಲ. ಸಾಲು ಸಾಲಿಗೆ ನಿಲ್ಲಿಸಿ ಆಯಿಯನ್ನು ಕೇಳತೊಡಗಿದನು. ಆಕೆಗೆ ನಲವತ್ತಕ್ಕೂ ಹೆಚ್ಚು ಪದ ಬರುತ್ತವೆಂದು ನಮಗೂ ಅಂದೇ ತಿಳಿದದ್ದು. ಅವುಗಳಲ್ಲಿ ಹನ್ನೊಂದನ್ನು ಅವನು ಮೊಬೈಲಿನಲ್ಲಿ ತುಂಬಿಕೊಂಡನು. ಹಾಲು ಎರಡು ಸಲ ಉಕ್ಕಿ ಒಲೆ ಆರಿತು.

ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಸಮ್ಮೇಳನದಲ್ಲಿ ಮೆರವಣಿಗೆ, ಗೋಷ್ಠಿ, ಠರಾವುಗಳು ಇರಲಿ. ಅದರೊಡನೆ ವರುಷಕ್ಕೊಂದು ಇರುಳನ್ನೂ ಸಂಘವು ಕಾದಿಡಲಿ. ಸೀಗಿ ಹುಣ್ಣಿಮೆಗೆ ಒಂದು ವರುಷ ಉಮರ್ಗಾದಲ್ಲಿ, ಇನ್ನೊಂದು ವರುಷ ನಿಲಂಗಾದಲ್ಲಿ, ಮತ್ತೊಂದು ವರುಷ ಉದಗೀರದಲ್ಲಿ ಯಾರದಾದರೂ ಹೊಲದಲ್ಲಿ ಕೂಡೋಣ. ಧ್ವನಿವರ್ಧಕ ಬೇಡ, ವೇದಿಕೆ ಬೇಡ, ಹಾರ ತುರಾಯಿ ಬೇಡ. ಯಾರನ್ನೂ ಅಂಚಿನಲ್ಲಿ ನಿಲ್ಲಿಸುವುದು ಬೇಡ. ಅಂದಿನ ಅಡುಗೆಯನ್ನು ಗಂಡಸರು ಮಾಡಲಿ. ಹೆಣ್ಣುಮಕ್ಕಳು ಪದ ಮುಗಿಯುವವರೆಗೆ ಕುಳಿತಿರಲಿ. ಮರಾಠಿ ನೆರೆಯವರನ್ನೂ ಕರೆಯೋಣ, ಪರಊರಿನ ನೌಕರಿಯ ಮಕ್ಕಳನ್ನೂ ಕರೆಯೋಣ. ನಿಯಮ ಒಂದೇ: ಬಂದವರೆಲ್ಲರೂ ತಮ್ಮ ಸ್ವಂತ ದನಿಯಲ್ಲಿ ಒಂದು ಪದವನ್ನೋ, ಕಥೆಯನ್ನೋ, ಒಗಟನ್ನೋ ಹೇಳಬೇಕು.

ಹಂತಿಯ ಪದ ಬಲ್ಲವರು ನಮಗೆ ತಿಳಿದಂತೆ ಈ ಮೂರು ತಾಲೂಕುಗಳಲ್ಲಿ ಇನ್ನು ಕೆಲವರೇ. ಅವರಲ್ಲಿ ಇಬ್ಬರಿಗೆ ಎಂಬತ್ತೈದು ದಾಟಿದೆ; ಒಬ್ಬರಿಗೆ ಕಿವಿ ಕೇಳಿಸದು, ಆದರೂ ಸೊಲ್ಲು ಎತ್ತಬಲ್ಲರು. ಬರುವ ಹುಣ್ಣಿಮೆಗೆ ಅವರನ್ನು ಕರೆತರುವ ಹೊಣೆ ನಮ್ಮದು. ಹಿಂದಿನಿಂದ ಸೊಲ್ಲು ಹಿಡಿಯುವವರು ಬೇಕಾಗಿದ್ದಾರೆ.